ಹೂಂ ಬಿದ್ದ ಸುದ್ದಿ

ಅಜ್ಜಿ ಕತೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತರೆ ಕತೆಯೂ ನಿಂತಿತು. "ನೀನು ಹೂಂ ಅನ್ದೆ ಹೋದ್ರೆ ರಾಜಕುಮಾರ ಕಾಡ್ನಲ್ಲೇ ನಿಂತಿರ್ತಾನೆ ಕಣವ್ವ, ಹಸ್ಕಂಡು," ಎನ್ನುತ್ತಿದ್ದಳು. ಪಾಪ, ಹಸಿದಾನು ಎಂದು ನಾನು ನಿದ್ದೆಗಣ್ಣಲ್ಲೂ ಹೂಂ ಎನ್ನುತ್ತಿದ್ದೆ.

ಗುಡ್ಡ ಜಾರಿ ನಮ್ಮೂರು ಜೇನುಮೊಟ್ಟೆ ಮಣ್ಣಿನಡಿಗೆ ಹೋದ ಮೇಲೆ ಉಳಿದವರನ್ನು ಹಾರಂಗಿ ಹೊಳೆಯ ಈಚೆಗೆ, ಎಲ್ಲಕ್ಕೂ ಒಂದೇ ಬಣ್ಣ ಬಳಿದ ಸಾಲುಮನೆಗಳಿಗೆ ತಂದು ಬಿಟ್ಟರು. ಪೇಟೆಯವರ ಬಾಯಲ್ಲಿ ಅದು ನಿರಾಶ್ರಿತರ ಕಾಲೊನಿ. ನಮ್ಮ ಬಗ್ಗೆ ಪೇಪರಿನವರು ಬರೆದರು, ಟೀವಿಯವರು ತೋರಿಸಿದರು. ನಮ್ಮನ್ನು ಕೇಳಿದವರಿಲ್ಲ. ಬದುಕಿದ್ದ ಬೊಳ್ಳಮ್ಮಕ್ಕನ ಫೋಟೊ ಸತ್ತವರ ಸಾಲಿನಲ್ಲಿ ಬಂತು. "ನನ್ನ ತಿಥಿ ಊಟಕ್ಕೆ ನನ್ನನ್ನೇ ಕರೀಲಿಲ್ವಲ್ಲ!" ಎಂದು ಆಕೆ ನಕ್ಕಳು. 'ಜೇನುಮೊಟ್ಟೆ ವಾರ್ತೆ' ಹುಟ್ಟಿದ್ದು ಆ ನಗುವಿನಿಂದ. ಇಲ್ಲದ ಊರಿನ ಹೆಸರಿನಲ್ಲಿ, ಇರುವವರ ಸುದ್ದಿ.

ಸುದ್ದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆದರೆ ಯಾವುದು ಸುದ್ದಿ ಎಂದು ಹೇಳುವ ಹಕ್ಕು ಯಾರದು ಎಂಬ ಜಗಳ ಎದ್ದಾಗ ಅಜ್ಜಿಯೇ ತೀರ್ಮಾನ ಕೊಟ್ಟಳು: "ಕತೆಗೆ ಇರೋ ಕಟ್ಟಳೆ ಸುದ್ದಿಗೂ ಇರ್ಲಿ." ಅಂದಿನಿಂದ ಭಾನುವಾರ ಸಂಜೆ ಸಮುದಾಯ ಭವನದಲ್ಲಿ ಬರಲಾದವರೆಲ್ಲ ಸೇರುತ್ತೇವೆ. ನಾನು ಒಂದೊಂದೇ ವಾಕ್ಯ ಓದುತ್ತೇನೆ. ಹೂಂ ಬಂದರೆ ಮುಂದಿನದು. ಬಾರದಿದ್ದರೆ ನಿಲ್ಲಿಸಿ, ಯಾಕೆಂದು ಕೇಳಿ ತಿದ್ದಬೇಕು. ಹೂಂ ಬಿದ್ದದ್ದಷ್ಟೇ ಮೈಕಿನಲ್ಲಿ ಕಾಲೊನಿಗೆ, ಮೊಬೈಲಿನಲ್ಲಿ ಸೋಮವಾರಪೇಟೆಯಿಂದ ಸಂಪಾಜೆಯವರೆಗೆ ಚದುರಿಹೋದ ನಮ್ಮವರಿಗೆ.

ಈ ಕಟ್ಟಳೆಯ ಪೆಟ್ಟು ಮೊದಲು ತಿಂದವಳು ನಾನೇ. ಒಮ್ಮೆ ಕಾಲೊನಿಯೊಳಗೆ ಆನೆ ಬಂದಿತ್ತು. "ಆನೆಯ ಕಣ್ಣಲ್ಲಿ ನೀರಿತ್ತು" ಎಂದು ಓದಿದೆ. ಇಡೀ ಭವನ ಮೌನ.

"ಶಾಂಭವೀ," ಎಂದಳು ಬೊಳ್ಳಮ್ಮಕ್ಕ, "ನೀನು ನೋಡ್ದ್ಯಾ ಅದರ ಕಣ್ಣೀರು?"

"ಇಲ್ಲ ಅಕ್ಕ, ಇದ್ದಿರಬಹುದು ಅಂತ..."

"ನಮ್ಮ ಬಾಳೆಗಿಡ ತಿಂದ್ಕೊಂಡು ಅಳ್ತಾ ಇತ್ತಾ? ತೆಗಿ ಅದನ್ನ."

ತೆಗೆದೆ.

ಈ ಮೇ ತಿಂಗಳಲ್ಲಿ ಕೊನೆಯ ಸಾಲಿನ ಹಿಂದಿನ ತಡೆಗೋಡೆ ಉಬ್ಬಿ ಹೊಟ್ಟೆ ಬಿಟ್ಟಿತು. ಗೋಡೆಯ ಮೇಲೆ ಕಡಿದು ನಿಲ್ಲಿಸಿದ ದಿಬ್ಬ, ಕೆಳಗೆ ಮನೆಗಳು. ಎಸ್ಟೇಟಿಗೆ ಕಾಫಿ ಹಣ್ಣಿನ ಪಿಕ್ಕಿಂಗ್‌ಗೆ ಹೋಗುವ ಮಾರಿಯ ಅಡುಗೆಮನೆ ಗೋಡೆಗೆ ತಾಗಿಕೊಂಡೇ ಇದೆ. "ಗೋಡೆಗೆ ತಿಂಗಳು ತುಂಬಿದೆ ಶಾಂಭವಿ, ಮಳೆ ಹಿಡಿದ್ರೆ ಹೆರಿಗೆ," ಎಂದು ನನ್ನ ಕೈ ಹಿಡಿದುಕೊಂಡೇ ಹೋಗಿ ತೋರಿಸಿದಳು. ಬಿರುಕಿನೊಳಗೆ ನನ್ನ ಅಂಗೈ ಇಳಿಯುತ್ತಿತ್ತು. ಬರೆದೆ.

ಆ ಗೋಡೆ ಕಟ್ಟಿಸಿದ್ದು ಒಂದು ಟ್ರಸ್ಟು. ಭವನವೂ ಮೈಕೂ ಅವರದೇ. ಸುದ್ದಿ ಓದುವ ಮೊದಲೇ ಅವರ ಕಿವಿಗೆ ಬಿದ್ದು, ಮಡಿಕೇರಿಯಿಂದ ಟ್ರಸ್ಟಿನ ಮಧುಸೂದನ ಎಂಬವರು ಜೀಪಿನಲ್ಲಿ ಬಂದು, ಕಾಲೊನಿಯ ಅಧ್ಯಕ್ಷ ರೇವಣ್ಣಮಾವನ ಮನೆಯಲ್ಲಿ ಕಾಫಿ ಕುಡಿದು ಹೋದರು. ಮಾರನೆಯ ದಿನ ಮಾವ ನನ್ನನ್ನು ಕರೆದರು.

"ಗೋಡೆ ವಿಷ್ಯ ಬಿಟ್ಬಿಡವ್ವ. ಇಲ್ದಿದ್ರೆ ಭವನಕ್ಕೆ ಬೀಗ ಹಾಕ್ತಾರಂತೆ, ಮೈಕೂ ವಾಪಸ್ ತಗೋತಾರಂತೆ."

"ಹೋದ್ರೆ ಹೋಗ್ಲಿ ಮಾವ."

"ಹೋಗ್ಲಿ ಅಂತ್ಯಲ್ಲ! ಮಳೇಲಿ ಮಣ್ಣು ಜಾರಿದ್ರೆ ಜನಾನ ಎಬ್ಬಿಸೋದು ಹ್ಯಾಗೆ? ಅವತ್ತು ಗುಡ್ಡ ಜಾರ್ದಾಗ ನಮ್ಮಣ್ಣನ ಮನೆಗೆ ನಾನು ಎಷ್ಟು ಕೂಗ್ದೆ ಗೊತ್ತಾ? ಕೇಳಿಸ್ಲಿಲ್ಲ ಅವನಿಗೆ."

ಮೈಕು ಅವರಿಗೆ ಸುದ್ದಿಯ ಸಾಧನವಾಗಿರಲಿಲ್ಲ.

ಭಾನುವಾರ ಮಧುಸೂದನರೇ ಬಂದರು. ಬಿಳಿ ಅಂಗಿ, ಮೆದು ಮಾತು. ಒಂದು ಹಾಳೆ ಬಿಡಿಸಿ ಓದತೊಡಗಿದರು: "ಇನ್ನು ಮುಂದೆ ವಾರ್ತೆಯನ್ನು ಗಣ್ಯರ ಸಲಹಾ ಮಂಡಳಿಯು ಪರಿಶೀಲಿಸತಕ್ಕದ್ದು."

ಯಾರೂ ಉಸಿರೆತ್ತಲಿಲ್ಲ. ಚಾಪೆಯ ಮೇಲಿದ್ದ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು.

"ಗೋಡೆ ಮುಂತಾದ ತಾಂತ್ರಿಕ ವಿಷಯಗಳನ್ನು ಮಂಡಳಿಯ ಅನುಮತಿಯಿಲ್ಲದೆ ಪ್ರಸಾರ ಮಾಡತಕ್ಕದ್ದಲ್ಲ."

ಮೌನ. ಒಂದೊಂದು ವಾಕ್ಯಕ್ಕೂ ಅವರು ತಲೆಯೆತ್ತಿ ನೋಡುತ್ತಿದ್ದರು. ಇಷ್ಟು ಶಿಸ್ತಿನ ಜನ ಅವರಿಗೆ ಎಲ್ಲಿಯೂ ಸಿಕ್ಕಿರಲಾರರು. ನನಗೋ, ಅವರು ದಟ್ಟ ಕಾಡಿನ ನಡುವೆ ಒಬ್ಬರೇ ನಿಂತಂತೆ ಕಂಡಿತು. ಕೊನೆಯವರೆಗೂ ಓದಿ ಹಾಳೆ ಮಡಚಿ ಮುಗುಳ್ನಕ್ಕರು.

"ಯಾರದೂ ಆಕ್ಷೇಪಣೆ ಇಲ್ಲ. ಮೌನಂ ಸಮ್ಮತಿ ಲಕ್ಷಣಂ, ಅಲ್ವೇ ರೇವಣ್ಣನವರೇ?"

ಬೊಳ್ಳಮ್ಮಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದರೂ ನಗು ಹೊರಗೆ ಸಿಡಿಯಿತು. ಭವನವೆಲ್ಲ ನಕ್ಕಿತು. ರೇವಣ್ಣಮಾವ ಮಾತ್ರ ನಗಲಿಲ್ಲ. ನನ್ನನ್ನು ನೋಡಿದರು, ಹಿಂದೆ ನಿಂತಿದ್ದ ಮಾರಿಯನ್ನು ನೋಡಿದರು. ಎದ್ದರು.

"ಅದು ನಿಮ್ಮ ಕಡೆ ಸಾರ್. ಇಲ್ಲಿ ಹೂಂ ಅಂದ್ರೆ ಮಾತ್ರ ಹೂಂ. ನಿಮ್ಮ ಮೊದಲ್ನೇ ಮಾತಿಗೇ ಯಾರೂ ಹೂಂ ಅನ್ಲಿಲ್ಲ. ನೀವು ಅಲ್ಲೇ ನಿಲ್ಲಿಸ್ಬೇಕಿತ್ತು."

ಮಧುಸೂದನರ ಮುಖ ಕೆಂಪಾಯಿತು. "ಹಾಗಾದ್ರೆ ನಮ್ಮ ಭವನದಲ್ಲಿ ಇದೆಲ್ಲ ನಡಿಯೋಲ್ಲ."

ರೇವಣ್ಣಮಾವ ಸೊಂಟದಿಂದ ಬೀಗದ ಕೈ ಬಿಚ್ಚಿ ಅವರ ಹಾಳೆಯ ಮೇಲಿಟ್ಟರು. ಮೈಕನ್ನು ತಾವೇ ಕಳಚಿ ತಂದು ಪಕ್ಕದಲ್ಲಿಟ್ಟರು. "ಏಳ್ರಪ್ಪ, ಹೊರಗೆ ನಡೀರಿ. ಈ ಹುಡ್ಗಿ ಇನ್ನೂ ಓದಿಲ್ಲ."

ಬೀದಿಗೆ ಬಂದೆವು. ಮೈಕಿಲ್ಲದೆ ನನ್ನ ದನಿ ಎರಡನೆಯ ಸಾಲನ್ನೂ ಮುಟ್ಟದು. ಏನು ಮಾಡುವುದೆಂದು ನಾನು ನಿಂತಿದ್ದಾಗ ಅಜ್ಜಿ ಗದರಿದಳು: "ಸಾಲಿಗೊಬ್ಬರು ನಿಂತ್ಕಳ್ರೋ! ಇವಳು ಹೇಳಿದ್ದನ್ನ ಮುಂದಿನ ಸಾಲಿಗೆ ಕೂಗಿ. ಹೂಂ ಬಂದ್ರೆ ಹಿಂದಕ್ಕೆ ದಾಟಿಸಿ."

ಮಾರಿ ಕೊನೆಯ ಸಾಲಿಗೆ ಓಡಿದಳು. ಉಳಿದವರೂ ತಂತಮ್ಮ ಸಾಲಿನ ತಿರುವಿನಲ್ಲಿ ನಿಂತರು. ನಾನು ಭವನದ ಮೆಟ್ಟಿಲು ಹತ್ತಿ ಕೂಗಿದೆ:

"ಕೊನೆಯ ಸಾಲಿನ ತಡೆಗೋಡೆ ಉಬ್ಬಿ ಬಿರುಕು ಬಿಟ್ಟಿದೆ!"

ಮಾತು ಬಾಯಿಂದ ಬಾಯಿಗೆ ದಾಟುತ್ತ ದೂರವಾಯಿತು. ಕೇಳಿಸದಷ್ಟು ಸಣ್ಣದಾಯಿತು. ರೇವಣ್ಣಮಾವ ಕಣ್ಣು ಮುಚ್ಚಿ, ಕತ್ತು ಆ ದಿಕ್ಕಿಗೆ ಚಾಚಿ ಕಾದರು.

ಆಮೇಲೆ ಅದು ಹಿಂದಿರುಗಿ ಬಂತು, ಸಾಲಿನಿಂದ ಸಾಲಿಗೆ ದಪ್ಪವಾಗುತ್ತ: ಹೂಂ!

"ಕೇಳಿಸ್ತು," ಎಂದರು ಮಾವ. "ಕೊನೇ ಮನೆವರೆಗೂ ಕೇಳಿಸ್ತು ಕಣವ್ವ. ಮುಂದಕ್ಕೆ ಓದು."

ಮಧುಸೂದನರು ಜೀಪಿನ ಬಾಗಿಲು ತೆರೆದು ನಿಂತಿದ್ದರು. ಮುಂದಿನ ವಾಕ್ಯದಲ್ಲಿ ಗೋಡೆ ಕಟ್ಟಿಸಿದವರ ಹೆಸರಿತ್ತು. ಅದನ್ನು ಇನ್ನೂ ಜೋರಾಗಿ ಕೂಗಿದೆ.

ಮೊದಲ ಹೂಂ ರೇವಣ್ಣಮಾವನದು.