ಕೆಲಸದ ಹಾಲು

ಕಥೆ ಹೇಳುವ ಯೋಗ್ಯತೆ ನನಗಿಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದವಳು. ಅದರಲ್ಲೂ ಅರ್ಧ ಪಾಠ ತೂಕಡಿಸುತ್ತ ಕೇಳಿದ್ದು. ಹೇಳಹೊರಟಿರುವ ವಿಷಯವೋ ಗರ್ಭ, ಗುಳಿಗೆ, ಗಂಟಲು. ಇದನ್ನೆಲ್ಲ ನಾಲ್ಕು ಜನರ ಮುಂದೆ ಆಡಬಾರದು ಎನ್ನುವ ಮನೆಯಲ್ಲಿ ಬೆಳೆದೆ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ನನ್ನಷ್ಟು ಶಿಸ್ತಿನಿಂದ ತಪ್ಪು ಮಾಡಿದವರು ಕಡಿಮೆ.

ಹೋದ ವರ್ಷ ಗರ್ಭ ನಿಂತಿತ್ತು. ಮೂರನೇ ತಿಂಗಳಲ್ಲಿ ಹೋಯಿತು. ಆಮೇಲಿನ ರಕ್ತಪರೀಕ್ಷೆಯಲ್ಲಿ ನನ್ನ ಥೈರಾಯ್ಡ್ ಮಂದ ಎಂದು ಗೊತ್ತಾಯಿತು. ಟಿಎಸ್‌ಎಚ್ ಎಂಬ ಅಂಕಿಯೊಂದಿದೆ. ಕತ್ತಿನ ಗ್ರಂಥಿ ಸೋಮಾರಿಯಾದಷ್ಟೂ ಅದು ಏರುತ್ತದೆ, ಕೆಲಸ ಕದಿಯುವವನ ಮೇಲೆ ಮೇಸ್ತ್ರಿಯ ದನಿ ಏರಿದ ಹಾಗೆ. ನನ್ನ ಮೇಸ್ತ್ರಿ ಗಂಟಲು ಹರಿದುಕೊಳ್ಳುತ್ತಿದ್ದ. ಅವನ ದನಿ ಇಳಿಯುವ ತನಕ ಇನ್ನೊಂದು ಮಗುವಿನ ಯೋಚನೆ ಬೇಡ ಎಂದರು ಡಾಕ್ಟರಮ್ಮ. ಬೆಳಿಗ್ಗೆ ಎದ್ದ ಕೂಡಲೇ ಬರಿಹೊಟ್ಟೆಗೆ ಗುಳಿಗೆ, ಬರೀ ನೀರಿನಲ್ಲಿ. ಅದಾದ ಮೇಲೆ ಒಂದು ಗಂಟೆ ಕಾಫಿ, ಹಾಲು, ತಿಂಡಿ ಯಾವುದೂ ಕೂಡದು.

ಹೇಳಿದ್ದಕ್ಕಿಂತ ಹೆಚ್ಚು ಮಾಡುವವಳು ನಾನು. ಗುಳಿಗೆಯ ಡಬ್ಬಿಯೊಳಗಿನ ಚೀಟಿಯನ್ನು ಪರೀಕ್ಷೆಗೆ ಓದುವಂತೆ ಓದಿದೆ. ನಾನು ಕೆಲಸಕ್ಕೆ ಹೊರಡುವ ತನಕ ಮನೆಯಲ್ಲಿ ಯಾರೂ ಕಾಫಿ ಕಾಯಿಸಬಾರದು ಎಂದು ಕಟ್ಟಪ್ಪಣೆ ಹೊರಡಿಸಿದೆ. ವಾಸನೆಯೂ ಹೊಟ್ಟೆಗೆ ಹೋದರೆ? ನಮ್ಮವರು ಲಿಫ್ಟ್ ರಿಪೇರಿ ಮಾಡುವವರು, ಅವರೂ ಬೆಳಿಗ್ಗೆ ಬೇಗ ಹೊರಡಬೇಕು. ಕಾಫಿಯಿಲ್ಲದೆ ಗೋಡೆ ಹಿಡಿದುಕೊಂಡು ಶೂ ಹಾಕಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಹಿತ್ತಿಲ ಬಾಗಿಲಿನಾಚೆ ನಿಂತು, ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೊಟ್ಟ ಕಾಫಿ ಕುಡಿದು ಬರುತ್ತಿದ್ದರು.

ಇಷ್ಟಾದರೂ ಅಂಕಿ ಇಳಿಯಲಿಲ್ಲ. ಡೋಸ್ ಏರಿಸಿದರು, ಇಳಿಯಲಿಲ್ಲ. ಮತ್ತೆ ಏರಿಸಿದರು, ಕೊಂಚ ಅಲುಗಾಡಿ ಅಲ್ಲೇ ಕೂತಿತು, ನನ್ನ ಹಾಗೆಯೇ. ಆ ದಿನಗಳಲ್ಲಿ ನಾನು ಎಲ್ಲಿ ಕೂತರೂ ಅಲ್ಲೇ ನಿದ್ದೆ ಹೋಗುತ್ತಿದ್ದೆ. ಮೈ ಊದಿತ್ತು, ಕೂದಲು ತಲೆಗಿಂತ ಬಾಚಣಿಗೆಯಲ್ಲೇ ಹೆಚ್ಚಿತ್ತು. ಪ್ರತಿ ಸಲ ಡಾಕ್ಟರಮ್ಮ ಗುಳಿಗೆ ತಪ್ಪಿಸುತ್ತೀರಾ, ಮೇಲೆ ಹಾಲುಗೀಲು ಕುಡಿಯುತ್ತೀರಾ ಎಂದು ಕೇಳುವರು. ನಾನು ತಲೆಯೆತ್ತಿ ಇಲ್ಲವೇ ಇಲ್ಲ ಎನ್ನುವೆ. ಆ ವಿಷಯದಲ್ಲಿ ನನಗೆ ಸ್ವಲ್ಪ ಗರ್ವವೇ ಇತ್ತು. ಮನೆಗೆ ಬಂದು ಮಾತ್ರ ಅಳುತ್ತಿದ್ದೆ. ವಯಸ್ಸು ನನಗಾಗಿ ಕಾಯುವುದಿಲ್ಲ ಎಂಬ ಹೆದರಿಕೆ.

ಇನ್ನು ನನ್ನ ಕೆಲಸದ ವಿಷಯ ಹೇಳಬೇಕು. ಹಾಲಿನ ಡೈರಿಯಲ್ಲಿ ರುಚಿ ನೋಡುವವಳು ನಾನು. ಕಾಯಿಸಿ ತಣಿಸಿದ ಹಾಲು ಪ್ಯಾಕೆಟ್ಟಿಗೆ ಹೋಗುವ ಮುಂಚೆ ಪ್ರತಿ ಟ್ಯಾಂಕಿನಿಂದ ಒಂದೊಂದು ಸ್ಟೀಲ್ ಲೋಟ ನನ್ನ ಮೇಜಿಗೆ ಬರುತ್ತದೆ. ಬಾಯಲ್ಲಿ ಆಡಿಸಿ ಉಗಿಯಬೇಕು, ಕೊನೆಗೆ ಒಂದು ಗುಟುಕು ನುಂಗಲೇಬೇಕು. ನಾಲಿಗೆ ಮೋಸ ಹೋದೀತು, ಗಂಟಲು ಹೋಗುವುದಿಲ್ಲ ಎಂದು ನನಗೆ ಕಲಿಸಿದ ಮುದುಕರು ಹೇಳುತ್ತಿದ್ದರು. ನಾನು ಸರಿ ಎಂದರೆ ವ್ಯಾನುಗಳು ಹೊರಡುತ್ತವೆ. ಡ್ರೈವರುಗಳು ನನ್ನನ್ನು ಬೆಕ್ಕಕ್ಕ ಎಂದೇ ಕರೆಯುತ್ತಾರೆ. ಡೈರಿ ನಮ್ಮ ಬೀದಿಯ ತುದಿಯಲ್ಲೇ. ಗುಳಿಗೆ ನುಂಗಿ ಚಪ್ಪಲಿ ಮೆಟ್ಟಿದರೆ ಮೊದಲ ಲೋಟ ಕಾಯುತ್ತಿರುತ್ತದೆ.

ಓದುವವರಿಗೆ ಆಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಕನ್ನಡಕ ಮರೆತು ಹೋಗಿದ್ದೆ. ಅತ್ತೆ ಕೊಡಲು ಬಂದವರು ಗಾಜಿನ ಕಿಟಕಿಯಾಚೆ ನಿಂತು ನಾನು ಲೋಟದ ಮೇಲೆ ಲೋಟ ಎತ್ತುವುದನ್ನು ನೋಡಿದರು. ಕನ್ನಡಕ ಕೊಟ್ಟು ಹೋದರು. ಸಂಜೆ ಬಟ್ಟೆ ಮಡಿಸುತ್ತ ಕೇಳಿದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ಬೆಳಿಗ್ಗೆ ಆ ಲೋಟದಲ್ಲಿ ಕುಡೀತಿದ್ದೆಯಲ್ಲ, ಏನದು?"

"ಹಾಲು, ಅತ್ತೆ. ಕುಡಿಯೋದಲ್ಲ ಅದು, ಕೆಲಸ."

"ಕೆಲಸದ ಹಾಲು ಹೊಟ್ಟೆಗೆ ಹೋಗಲ್ವಾ?"

ನಮ್ಮವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ, ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸತೊಡಗಿದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯ ಬೆಕ್ಕಿಗಾದರೂ ತಾನು ಕುಡಿಯುತ್ತಿರುವುದು ಹಾಲು ಎಂದು ಗೊತ್ತಿರುತ್ತದೆ. ನನಗೆ ಅಷ್ಟೂ ಇರಲಿಲ್ಲ. ಇಡೀ ಮನೆಯ ಕಾಫಿ ನಿಲ್ಲಿಸಿ ನಾನು ಟ್ಯಾಂಕಿನ ಬಾಯಿಗೆ ಹೋಗಿ ನಿಂತಿದ್ದೆ.

ಡಾಕ್ಟರಮ್ಮನ ಮುಂದೆ ಇದನ್ನು ಹೇಳುವಾಗ ನೆಲದ ಟೈಲ್ಸ್ ನೋಡುತ್ತ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ಹಾಲು ಕುಡೀತೀರಾ ಅಂದ್ರಿ ಮೇಡಂ. ನನಗೆ ಹಾಲು ಕಂಡ್ರೆ ಆಗಲ್ಲ. ಮನೇಲಿ ಮುಟ್ಟೋದೇ ಇಲ್ಲ."

ಅವರು ಬೈಯಲಿಲ್ಲ. ಹಾಲಿನಿಂದಲೇ ಹೀಗಾಯಿತೆಂದು ಹೇಳಲಾರೆ, ಅದೂ ಇರಬಹುದು ಎಂದರು. ಕೆಲಸ ಬಿಡಬೇಕೇನೋ ಎಂದು ನಾನು ಹೆದರಿದ್ದೆ. ಅದರ ಬದಲು ಗುಳಿಗೆಯನ್ನು ಮಲಗುವ ಹೊತ್ತಿಗೆ ಬದಲಾಯಿಸಿದರು. ರಾತ್ರಿಯೂಟ ಬೇಗ ಮುಗಿಸಿ ಹೊಟ್ಟೆ ಖಾಲಿಯಾಗಲು ಬಿಡಬೇಕು. ಈಗ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಬಂತು, ರಾತ್ರಿಯೂಟ ಸಂಜೆಗೆ ಓಡಿತು. ನಮ್ಮವರು ಲಿಫ್ಟಿನ ಗ್ರೀಸ್ ಕೈಯಲ್ಲೇ ಊಟಕ್ಕೆ ಕೂರುವಂತಾಯಿತು. ನನ್ನ ಗಂಟಲಿನ ದೆಸೆಯಿಂದ ಅವರ ಹೊಟ್ಟೆಗೆ ಯಾವತ್ತೂ ನೆಮ್ಮದಿಯಿಲ್ಲ.

ಎರಡು ಪರೀಕ್ಷೆಗಳ ನಂತರ ಅಂಕಿ ಇಳಿಯಿತು. ಡಾಕ್ಟರಮ್ಮ ರಿಪೋರ್ಟು ಮಡಿಸಿ, ಇನ್ನು ಪ್ರಯತ್ನ ಮಾಡಬಹುದು, ಗರ್ಭ ನಿಂತ ಸುಳಿವು ಸಿಕ್ಕ ದಿನವೇ ಬನ್ನಿ, ಆಗ ಮತ್ತೆ ಡೋಸ್ ನೋಡಬೇಕು ಎಂದರು. ಹೊರಗಿನ ಬೆಂಚಿನಲ್ಲಿ ನಮ್ಮವರು ಕಾಯುತ್ತಿದ್ದರು. ಹೇಳಿದೆ. ಅವರು ಸಂತೋಷಕ್ಕೆ ಏನು ಹೇಳಬೇಕೆಂದು ತೋಚದೆ, "ಹಾಗಾದ್ರೆ ಇವತ್ತು ಊಟ ಇನ್ನೂ ಬೇಗಾನಾ?" ಎಂದರು. ನಗು ಬಂತು.

ಅಂಕಿ ಏರಿದ್ದಷ್ಟು ದಿನ ಬಯಸಿದ್ದು ಇದೇ ಅಪ್ಪಣೆ. ಈಗ ಸಿಕ್ಕಿದೆ, ಜೊತೆಗೆ ಹೆದರಿಕೆಯೂ. ಅಂಕಿ ಇಳಿದದ್ದು ಹಾಲು ದೂರವಾಗಿದ್ದಕ್ಕೋ, ಡೋಸ್ ಹೆಚ್ಚಾಗಿದ್ದಕ್ಕೋ ತಿಳಿಯದು. ಮೊದಲನೆಯದು ಯಾಕೆ ಉಳಿಯಲಿಲ್ಲ ಎಂದು ಡಾಕ್ಟರಮ್ಮನನ್ನು ಕೇಳಿದೆ, ಗೊತ್ತಿಲ್ಲ ಎಂದರು. ಇನ್ನೊಂದು ಬರುತ್ತದೆಯೋ, ಬಂದರೆ ಉಳಿಯುತ್ತದೆಯೋ, ನನಗೂ ಗೊತ್ತಿಲ್ಲ.