ಟ್ಯಾಂಕಿಗೆ ಅಂಟಿಸಿದ ಕಾಗದ

ಮುಚ್ಚಳಕ್ಕೆ ಅಂಟಿಸಿದ ಕಾಗದ ಹರಿದಿರಲಿಲ್ಲ. ಬೆಳಿಗ್ಗೆ ತಟ್ಟಿ ನೋಡಿದರೆ ಟ್ಯಾಂಕಿನ ನೀರು ಮಾತ್ರ ಅರ್ಧಕ್ಕಿಳಿದಿತ್ತು.

ಬೈಂಡಿಂಗಕ್ಕ ಸೊಂಟಕ್ಕೆ ಕೈಕೊಟ್ಟು ಮಹಡಿಯ ಮೇಲೆ ನಿಂತಳು. ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವವನು, ಇವಳು ಹಾಳೆ ಮಡಚಿ ಹೊಲಿಯುವವಳು. ಬೀದಿಯವರು ಹಾಗೆ ಹೆಸರಿಟ್ಟಿದ್ದರು. ನಾಲ್ಕು ದಿನದಿಂದ ಸಂಜೆ ಟ್ಯಾಂಕು ತುಂಬಿದ ಕೂಡಲೇ ಮುಚ್ಚಳಕ್ಕೆ ರಟ್ಟಿನ ಅಂಟಿನಿಂದ ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಅಡ್ಡಲಾಗಿ ಸಹಿ ಹಾಕುತ್ತಿದ್ದಳು. ಸಹಿ ಇದ್ದಲ್ಲೇ ಇತ್ತು.

"ಮುಚ್ಚಳ ತೆಗೆದಿಲ್ಲ. ಪೈಪಿನಿಂದಲೇ ಎಳೀತಿದ್ದಾಳೆ," ಎಂದಳು ಕೆಳಗಿಳಿದು ಬಂದು.

"ಯಾರು?" ಗಂಡ ರಟ್ಟಿನಿಂದ ಕಣ್ಣೆತ್ತಲಿಲ್ಲ.

"ಇನ್ಯಾರು, ಗೋಡೆಯಾಚೆಯವಳು."

ಗೋಡೆಯಾಚೆ ಟೈಲರಮ್ಮನ ಮನೆ. ಎರಡು ಮನೆಗೂ ಇದೊಂದೇ ಟ್ಯಾಂಕು. ಟೈಲರಮ್ಮನ ಮಗಳು ಹೆತ್ತು ಹದಿನೈದು ದಿನವಾಗಿತ್ತು.

"ಅಷ್ಟು ನೀರಲ್ಲಿ ಏನ್ಮಾಡ್ತಾಳೆ ಮಾರಾಯ್ತಿ, ಈಜ್ತಾಳಾ?"

"ಮಗುವಿನ ಬಟ್ಟೆ ನೋಡಿದ್ರಾ ಹಗ್ಗದ ಮೇಲೆ? ಮೂವತ್ತೆರಡು."

"ಎಣಿಸಿಬಿಟ್ಟೆಯಾ? ಪುಸ್ತಕದ ಹಾಳೇನ ಹೀಗೆ ಎಣಿಸಿದ್ರೆ ಹೋದ ವಾರ ಒಂದು ಅಧ್ಯಾಯ ತಲೆಕೆಳಗಾಗ್ತಿರಲಿಲ್ಲ."

ಅವಳು ನಗಲಿಲ್ಲ. ಆ ಮನೆಗೆ ಹೋಗುವ ಪೈಪನ್ನು ಕತ್ತರಿಸಿಬಿಡಲು ಹನ್ನೊಂದು ಗಂಟೆಗೆ ಪ್ಲಂಬರ್‌ಗೆ ಬರಹೇಳಿದ್ದಳು.

ಸುದ್ದಿ ಗೋಡೆ ದಾಟಿತು. ಕೊರಳಲ್ಲಿ ಅಳತೆ ಪಟ್ಟಿ ನೇತಾಡಿಸಿಕೊಂಡೇ ಟೈಲರಮ್ಮ ಬಾಗಿಲಿಗೆ ಬಂದಳು.

"ಪೈಪು ಕತ್ತರಿಸ್ತೀರಂತೆ ಅಕ್ಕ. ಎಳೆಗೂಸು ಇರೋ ಮನೆ."

"ನೀವು ಬೇರೆ ಟ್ಯಾಂಕು ಇಡಿಸ್ಕೊಳ್ಳಿ." ಹನ್ನೆರಡು ವರ್ಷ 'ನೀನು' ಎಂದವಳ ಬಾಯಲ್ಲಿ 'ನೀವು' ಬಂದಿತ್ತು.

ಟೈಲರಮ್ಮ ಗೋಡೆಯಾಚೆಗೆ ಕೈ ತೋರಿಸಿದಳು. "ಒಂದು ಮಾತು ಹೇಳ್ಲಾ? ನಂಗೂ ನಿಮ್ಮ ಮೇಲೇ ಅನುಮಾನ ಇತ್ತು. ನಮ್ಮಂಗಳದ ನಲ್ಲಿ ನೋಡಿ. ರಾತ್ರಿ ಯಾರು ತಿರುಗಿಸಿದ್ರೂ ಕಿತ್ತು ಬರಲಿ ಅಂತ ಕೆಂಪು ದಾರ ಕಟ್ಟಿದೀನಿ. ಅದೂ ಕಿತ್ತಿಲ್ಲ. ಮತ್ತೆ ನೀರು ಹೋಗೋದೆಲ್ಲಿಗೆ?"

ಬೈಂಡಿಂಗಕ್ಕ ಇಣುಕಿ ನೋಡಿದಳು. ದಾರವಿತ್ತು. ತನ್ನನ್ನೇ ಕಳ್ಳಿ ಅಂದುಕೊಂಡಿದ್ದಾಳಲ್ಲ ಎಂದು ಮೈಯುರಿಯಿತು.

"ನನ್ನ ಅಂಗಡಿ ಕಕ್ಕಸಿನಲ್ಲೂ ಹೋದ ವರ್ಷ ಹೀಗೇ ಆಗಿತ್ತು," ಎಂದಳು ಟೈಲರಮ್ಮ. "ಫ್ಲಶ್ ಟ್ಯಾಂಕಿನ ತಳದಲ್ಲಿ ತೂತು ಮುಚ್ಚೋ ರಬ್ಬರ್ ಇರುತ್ತೆ. ಅದು ಸರಿಯಾಗಿ ಕೂರದಿದ್ರೆ ಸದ್ದಿಲ್ಲದೆ ಸೋರ್ತಾನೇ ಇರುತ್ತೆ. ಸೋರಿದಷ್ಟೂ ಮೇಲಿನ ಟ್ಯಾಂಕಿಂದ ಇಳೀತಾ ಇರುತ್ತೆ. ಬಟ್ಟೆಗೆ ಹಾಕೋ ನೀಲಿ ಇದೆಯಲ್ಲ, ಅದನ್ನ ಎರಡೂ ಮನೆ ಫ್ಲಶ್ ಟ್ಯಾಂಕಿಗೆ ಹಾಕೋಣ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕೆಳಗೆ ಕಮೋಡಿನಲ್ಲಿ ನೀಲಿ ಬಂದ್ರೆ ಕಳ್ಳ ಅಲ್ಲೇ."

"ನಿಮ್ಮನೇಲಿ ನೀಲಿ ಬಂದ್ರೂ ನೀವು ಬಂದಿಲ್ಲ ಅಂದ್ರೆ?"

"ಹಾಗಾದ್ರೆ ನೀವು ನಮ್ಮನೇಲಿ ಕೂತ್ಕೊಳ್ಳಿ, ನಾನು ನಿಮ್ಮನೇಲಿ ಕೂರ್ತೀನಿ."

ಹಾಗೆಯೇ ಆಯಿತು. ಬೈಂಡಿಂಗಕ್ಕ ಟೈಲರಮ್ಮನ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾವಲು ಕೂತಳು. ಒಳಗೆ ಮಗು ನಿದ್ದೆಯಲ್ಲಿ ಲೊಚಗುಟ್ಟುತ್ತಿತ್ತು. ಅದರ ಬಟ್ಟೆ ಜಾಲಿಸಿದ ನೀರನ್ನೂ ಚೆಲ್ಲದೆ, ನೆಲ ಒರೆಸಲು ಬಕೆಟಿನಲ್ಲಿ ಹಿಡಿದಿಟ್ಟಿದ್ದರು. ಅವಳು ಅದನ್ನು ನೋಡಿ ಮುಖ ತಿರುಗಿಸಿದಳು. ಕಮೋಡಿನಲ್ಲಿ ನೀರು ತಿಳಿಯಾಗಿಯೇ ಇತ್ತು.

"ಅಕ್ಕ, ಸ್ವಲ್ಪ ಬನ್ನಿ," ಎಂದು ಗೋಡೆಯಾಚೆಯಿಂದ ಕರೆ ಬಂತು.

ತನ್ನ ಮನೆಯ ಕಮೋಡಿನಲ್ಲಿ ನೀರೆಲ್ಲ ನೀಲಿ.

"ನೀವೇ ಸುರಿದಿರಬಹುದು."

"ನಾನು ಇಲ್ಲೇ ನಿಂತಿದ್ದೆ ಕಣೇ," ಎಂದ ಗಂಡ.

"ನಿಮ್ಮನ್ನ ಮಾತಿಗೆಳೆದು ಸುರಿದಿರಬಹುದು."

ಟೈಲರಮ್ಮ ಸಿಟ್ಟಾಗಲಿಲ್ಲ. "ನಿಮ್ಮ ಬಿಳೀ ಕಾಗದ ಒಂದು ಪಟ್ಟಿ ತನ್ನಿ," ಎಂದಳು. ಒಂದು ಸಲ ಫ್ಲಶ್ ಮಾಡಿ, ಫ್ಲಶ್ ತೊಟ್ಟಿ ತುಂಬಿದ ಮೇಲೆ ಮತ್ತೆ ನೀಲಿ ಹಾಕಿಸಿದಳು. ಕಮೋಡಿನ ಹಿಂಭಾಗ ಒಣಗುವಂತೆ ಒರೆಸಿ, ಕಾಗದವನ್ನು ಬೈಂಡಿಂಗಕ್ಕನ ಕೈಯಿಂದಲೇ ಅಲ್ಲಿ ಒತ್ತಿಸಿದಳು. ಮೂವರೂ ಕಣ್ಣು ಕೀಲಿಸಿ ನಿಂತರು. ಯಾರೂ ಏನನ್ನೂ ಮುಟ್ಟಲಿಲ್ಲ. ಕಾಗದದ ತುದಿ ಒದ್ದೆಯಾಯಿತು. ಆಮೇಲೆ ಒಂದು ನೀಲಿ ಗೆರೆ ನಿಧಾನವಾಗಿ ಕೆಳಗಿಳಿಯಿತು.

ತನ್ನದೇ ಕಾಗದ. ಬೈಂಡಿಂಗಕ್ಕ ಅದನ್ನು ಬೆರಳಿನಿಂದ ಸುಲಿದು ತೆಗೆದಳು.

"ಪ್ಲಂಬರ್ ಬರ್ತಾನಲ್ಲ, ಅವನೇ ನೋಡ್ಲಿ," ಎಂದಳು ಕೊನೆಗೆ.

"ಇದಕ್ಕೆ ಪ್ಲಂಬರ್ ಯಾಕೆ? ಸೂಜಿಗೆ ದಾರ ಪೋಣಿಸೋ ಕೈ ನಿಮ್ಮದು. ಮೊದಲು ಕಮೋಡಿನ ಪಕ್ಕದಲ್ಲಿ ತೊಟ್ಟಿಗೆ ನೀರು ಬಿಡೋ ಪುಟ್ಟ ನಲ್ಲಿ ಮುಚ್ಚಿ. ಈಗ ಫ್ಲಶ್ ಮಾಡಿ, ತೊಟ್ಟಿ ಖಾಲಿಯಾಗುತ್ತೆ. ಆ ರಬ್ಬರ್ ಹೇಗೆ ಸಿಕ್ಕಿಸಿದೆ ಅಂತ ನೋಡಿಕೊಂಡು ಬಿಚ್ಚಿ."

ರಬ್ಬರು ಕೈಗೆ ಬಂತು. ಬೆರಳೆಲ್ಲ ಕಪ್ಪಾಯಿತು.

"ಕಪ್ಪು ಅಂಟಿದ್ರೆ ಅದರ ಆಯಸ್ಸು ಮುಗೀತು ಅಂತ. ಅಣ್ಣ, ಇದನ್ನೇ ಅಂಗಡಿಗೆ ತೋರಿಸಿ ಇಂಥದ್ದೇ ಅಳತೆಯದು ತನ್ನಿ. ಬಾಯಲ್ಲಿ ಹೇಳಿದ್ರೆ ಬೇರೆಯದು ಕೊಡ್ತಾರೆ."

ಅವನು ಬರುವಷ್ಟರಲ್ಲಿ ಬೈಂಡಿಂಗಕ್ಕ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೂತಿನ ಅಂಚಿಗೆ ಕಟ್ಟಿದ್ದ ಬಿಳಿ ಕರೆಯನ್ನು ಉಜ್ಜಿ ತೆಗೆದಿದ್ದಳು. ಹೊಸ ರಬ್ಬರನ್ನು ಅವಳೇ ಕೂರಿಸಿದಳು. ಮತ್ತೆ ನೀಲಿ, ಮತ್ತೆ ಕಾಗದ, ಮತ್ತೆ ಅರ್ಧ ಗಂಟೆ. ಕಾಗದ ಒಣಗಿಯೇ ಇತ್ತು.

ಹನ್ನೊಂದಕ್ಕೆ ಪ್ಲಂಬರ್ ಗರಗಸ ಹಿಡಿದು ಬಂದ. "ಎಲ್ಲಿ ಕತ್ತರಿಸ್ಬೇಕು?"

"ಏನೂ ಇಲ್ಲ ಹೋಗಪ್ಪ," ಎಂದಳು ಅವನ ಮುಖ ನೋಡದೆ.

ಅನುಮಾನ ಮಾತ್ರ ಪೂರ್ತಿ ಹೋಗಿರಲಿಲ್ಲ. ಅಂದು ಸಂಜೆಯೂ ಮುಚ್ಚಳಕ್ಕೆ ಕಾಗದ ಅಂಟಿಸಿದಳು. ಬೆಳಿಗ್ಗೆ ತೆರೆದು ನೋಡಿದರೆ ನೀರು ಹೆಚ್ಚುಕಡಿಮೆ ಕಂಠದವರೆಗೆ ಇತ್ತು. ಅವಳು ಉಗುರಿನಿಂದ ಕಾಗದ ಕೆರೆಯತೊಡಗಿದಳು. ಬರಲಿಲ್ಲ. ಬಟ್ಟೆ ಒಣಹಾಕಲು ಬಂದ ಟೈಲರಮ್ಮ ಒದ್ದೆ ಬಟ್ಟೆಯೊಂದನ್ನು ತಂದು ಪಕ್ಕದಲ್ಲಿ ಕೂತು ತಾನೂ ಉಜ್ಜಿದಳು.

"ನಿಮ್ಮ ಅಂಟು ಬಲು ಗಟ್ಟಿ ಅಕ್ಕ."

"ನೀನು ಮೊದಲು ನಲ್ಲಿಗೆ ಕಟ್ಟಿದ ದಾರ ಬಿಚ್ಚು," ಎಂದಳು ಬೈಂಡಿಂಗಕ್ಕ. "ಆಮೇಲೆ ನಿನ್ನ ಮನೆಗೆ ಹೋಗೋಣ ನಡಿ. ಮಗೂನ ನಾನು ಇನ್ನೂ ಎತ್ಕೊಂಡೇ ಇಲ್ಲ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ನೀರು ಕಾರಣವಿಲ್ಲದೆ ಕಡಿಮೆಯಾಗುತ್ತಿದೆಯೇ? ಪಕ್ಕದ ಮನೆಯ ಕಡೆ ನೋಡುವ ಮೊದಲು ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ನಾಲ್ಕು ಹನಿ ನೀಲಿ ಹಾಕಿ, ಅರ್ಧ ಗಂಟೆ ಕಾಯಿರಿ. ನೀಲಿ ಇಳಿದರೆ ಪುಟ್ಟ ನಲ್ಲಿ ಮುಚ್ಚಿ, ರಬ್ಬರ್ ತೊಳೆಯಿರಿ, ಹಾಳಾಗಿದ್ದರೆ ಬದಲಿಸಿ. ಪೈಪೇ ಒಡೆದಿದ್ದರೆ ಪ್ಲಂಬರನ್ನು ಕರೆಯಿರಿ, ಅದು ಅವರ ಕೆಲಸ. ಇದು ನಿಮ್ಮ ಕೈಯಲ್ಲಾಗುವ ಕೆಲಸ. ಇವತ್ತೇ ಮಾಡಿ ನೋಡಿ.