ಹಿಡಿಯಲು ಪವರ್ ಬೇಡ

೧
ಕಥೆಯನ್ನು ನೆಲಮಹಡಿಯಿಂದ ಶುರು ಮಾಡಲೋ, ಏಳನೆಯದರಿಂದಲೋ? ಏಳೇ ಇರಲಿ, ಲಿಫ್ಟಕ್ಕ ಅಲ್ಲಿದ್ದಾಳೆ, ಸಂದರ್ಶನದ ಕೋಣೆಯ ಹೊರಗೆ. ಹನ್ನೆರಡು ವರ್ಷದಿಂದ ಈ ಕಟ್ಟಡದ ಲಿಫ್ಟು ರಿಪೇರಿ ಮಾಡುತ್ತಿರುವವಳು. ಇವತ್ತು ಗೆದ್ದರೆ ಸೂಪರ್‌ವೈಸರ್. ಅಡ್ಡಗಾಲು ಹಾಕಿರುವುದು ಇಂಗ್ಲಿಷ್. ಹುದ್ದೆಯ ನೋಟೀಸಿನಲ್ಲಿದ್ದ ಮೂರು ಪದಗಳನ್ನು ಮಗಳು ಅರ್ಥಸಮೇತ ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ: ಎಬಿಲಿಟಿ, ಕೆಪಾಸಿಟಿ, ಪವರ್. "ಅಮ್ಮಾ, ಇವನ್ನೇ ಕೇಳ್ತಾರೆ, ನೋಡ್ತಿರು."

(ವ್ಯತ್ಯಾಸ ನನಗೂ ಗೊತ್ತಿಲ್ಲ. ನನ್ನ ಹಳೇ ನಿಘಂಟು ಮೂರಕ್ಕೂ 'ಶಕ್ತಿ' ಎಂದು ಬರೆದು ಕೈತೊಳೆದುಕೊಂಡಿದೆ.)

೨ (ಹರಿದುಹಾಕಿದ್ದು)
ಎಂಟು ಜನರ ಲಿಫ್ಟಿಗೆ ಒಂಬತ್ತು ಜನ ನುಗ್ಗಿದರು. ನಾಲ್ಕನೇ ಮಹಡಿ ದಾಟುತ್ತಲೇ ಅದು ಸಿಕ್ಕಿಕೊಂಡಿತು. ಒಳಗೆ ಸಂದರ್ಶನದ ದೊಡ್ಡ ಸಾಹೇಬರು! ಲಿಫ್ಟಕ್ಕ ಓಡಿಬಂದು...

"ನಿಲ್ಸಿ ಸಾರ್," ಎಂದಳು ಲಿಫ್ಟಕ್ಕ, ಕಥೆ ಬರೆಯುತ್ತಿದ್ದ ನನಗೇ. "ಒಂಬತ್ತನೆಯವ್ರು ಕಾಲಿಟ್ರೆ ಬಜರ್ ಬಡ್ಕೊಳ್ಳುತ್ತೆ, ಬಾಗಿಲೇ ಮುಚ್ಚಲ್ಲ. ಕೆಪಾಸಿಟಿ ಅಂದ್ರೆ ಅಷ್ಟೂ ಗೊತ್ತಿಲ್ವಾ?"

"ಹಾಗಾದ್ರೆ ಸುಮ್ನೆ ಕೆಟ್ಟು ನಿಲ್ಲಲಿ. ನೀನು ಬಿಡಿಸ್ಬೇಕು, ಎಲ್ರೂ ಚಪ್ಪಾಳೆ ಹೊಡೀಬೇಕು."

"ನಾನು ನೋಡ್ಕೊಳ್ಳೋ ಲಿಫ್ಟು ಯಾಕೆ ಕೆಡುತ್ತೆ? ನಿಮ್ಮ ಕಥೆ ಮೇಲೇಳ್ಲಿ ಅಂತ ನನ್ನ ಹೆಸರು ಕೆಡಿಸ್ಬೇಡಿ!"

ಓದುಗರ ಮುಂದೆಯೇ ಮರ್ಯಾದೆ ತೆಗೆದಳು. ಆದರೂ ಚೀಟಿಯ ಒಂದು ಪದಕ್ಕೆ ತಾನೇ ಅರ್ಥ ಹೇಳಿಬಿಟ್ಟಳಲ್ಲ, ನನಗೋ ಖುಷಿಯೋ ಖುಷಿ.

೩
ಸಾಹೇಬರು ಸುಖವಾಗಿ ಲಿಫ್ಟಿನಲ್ಲೇ ಬಂದರು. ಕೂತವರೇ ಕೇಳಿದರು: "ಪವರ್ ಅಂದ್ರೇನಮ್ಮ?"

ಮಗಳ ಚೀಟಿಯಲ್ಲಿದ್ದ ಅರ್ಥ ಲಿಫ್ಟಕ್ಕನಿಗೆ ಮರೆತೇಹೋಯಿತು. (ಹೇಳಿಕೊಡಲು ಬಾಯಿ ತೆರೆದೆ, ಕಣ್ಣಲ್ಲೇ ಗದರಿದಳು.)

"ಕರೆಂಟ್ ಹೋದ್ರೆ ಲಿಫ್ಟು ಬೀಳುತ್ತೆ ಅಂತ ಎಲ್ರೂ ಹೆದರ್ತಾರೆ ಸಾರ್. ಬೀಳಲ್ಲ. ಕರೆಂಟ್ ಹೋದ ತಕ್ಷಣ ಸ್ಪ್ರಿಂಗು ಬ್ರೇಕನ್ನ ಒತ್ತಿ ಹಿಡಿಯುತ್ತೆ. ಬ್ರೇಕು ಹಿಡಿಯೋಕೆ ಪವರ್ ಬೇಡ, ಬಿಡೋಕೇ ಬೇಕು."

"ಎಬಿಲಿಟಿ?"

"ನೀವೀಗ ಏಳು ಮಹಡಿ ಮೇಲೆ ಬಂದ್ರಲ್ಲ, ಭಯ ಆಯ್ತಾ? ಇಲ್ವಲ್ಲ. ಅದೇ ಸಾರ್."

೪
ಕೆಲಸ ಸಿಕ್ಕಿತೇ? ಮೊದಲ ಅಂತ್ಯ: ಸಿಕ್ಕಿತು, ಮಗಳು ಕುಣಿದಾಡಿದಳು. ಎರಡನೆಯದು: ಇಂಗ್ಲಿಷ್ ಅರೆದು ಕುಡಿದ ಇನ್ನೊಬ್ಬರಿಗೆ ಹೋಯಿತು. (ಇದನ್ನು ಬರೆದ ಕೂಡಲೇ ಹೊಡೆದುಹಾಕಿದ್ದೇನೆ.) ಸಾಹೇಬರು ನಗುತ್ತಾ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ. ಏನು ಬರೆಯುತ್ತಾರೆಂದು ಇಣುಕಿ ನೋಡಹೋದೆ.

"ಇನ್ನು ಬಿಡಿ ಸಾರ್," ಎಂದಳು ಲಿಫ್ಟಕ್ಕ, ನನ್ನತ್ತ ತಿರುಗಿ. "ಇಲ್ಲಿಂದ ನಾನು ನೋಡ್ಕೋತೀನಿ."

ಕಥೆಯನ್ನು ಹಿಡಿದುಕೊಂಡಿರುವುದು ನನಗೆ ಚೆನ್ನಾಗಿ ಬರುತ್ತದೆ, ಅದಕ್ಕೆ ಪವರ್ ಬೇಕಿಲ್ಲ. ನನ್ನಲ್ಲೂ ಒಂದಿಷ್ಟು ಪವರ್ ಇದೆಯೋ ನೋಡೋಣ ಎಂದು, ಬಿಟ್ಟೆ.